ಸಾಲದ ಲೆಕ್ಕ ಯಾರ ಕೈಯಲ್ಲಿ?

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯ ಊರಿನಲ್ಲಿ ಸುತ್ತಮುತ್ತಲ ಹಳ್ಳಿಗಳ ರೈತರು ಗುಂಪುಗೂಡಿದರು. ಸಾಹುಕಾರರ ಅಂಗಡಿಗಳಿಗೆ ನುಗ್ಗಿದ ಅವರು ಕೇಳಿದ್ದು ಸಾಲಪತ್ರಗಳನ್ನು ಮತ್ತು ಲೆಕ್ಕದ ವಹಿಗಳನ್ನು. ಸಿಕ್ಕಿದ್ದನ್ನೆಲ್ಲ ಬೀದಿಗೆ ತಂದು ಬೆಂಕಿ ಹಚ್ಚಿದರು. ದವಸದ ಅಂಗಡಿಗಳು ಲೂಟಿಯಾದವು, ಕೆಲವು ಮನೆಗಳಿಗೂ ಬೆಂಕಿ ಬಿತ್ತು. ಆದರೆ ಪತ್ರಗಳನ್ನು ತಾವಾಗಿಯೇ ತಂದುಕೊಟ್ಟ ಸಾಹುಕಾರರ ಮೈಮುಟ್ಟದೆ ಗುಂಪು ಮುಂದೆ ಹೋದದ್ದೇ ಹೆಚ್ಚು. ಎರಡು ತಿಂಗಳೊಳಗೆ ಪುಣೆ ಮತ್ತು ಅಹ್ಮದನಗರ ಜಿಲ್ಲೆಗಳ ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇದೇ ನಡೆಯಿತು. ಚರಿತ್ರೆಯ ಪುಸ್ತಕಗಳು ಇದನ್ನು ದಖ್ಖನ್ ಗಲಭೆ ಎಂದು ಕರೆಯುತ್ತವೆ.

ಆ ರೈತರ ಸಿಟ್ಟು ಸಾಲದ ಮೇಲಿತ್ತು ಎನ್ನುವುದಕ್ಕಿಂತ ಸಾಲದ ಕಾಗದದ ಮೇಲಿತ್ತು ಎನ್ನುವುದು ಸರಿ. ತಮ್ಮ ಹೆಸರಿನಲ್ಲಿ ಯಾರೋ ಬರೆದಿಟ್ಟ, ತಾವು ಓದಲಾರದ, ಓದಿದರೂ ತಿದ್ದಲಾರದ ಲೆಕ್ಕವದು. ತಿದ್ದುವ ದಾರಿ ಇಲ್ಲದ ಕಾರಣ ಸುಟ್ಟರು.

ಇಂದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಮನೆಸಾಲಕ್ಕೆ ಅರ್ಜಿ ಹಾಕಿದವರಿಗೆ "ನಿಮ್ಮ ಸಿಬಿಲ್ ಸರಿಯಿಲ್ಲ" ಎಂಬ ಉತ್ತರ ಬಂದಾಗ ಏಳುವ ಪ್ರಶ್ನೆಗಳೂ ಅವೇ. ಇದನ್ನು ಬರೆದವರು ಯಾರು? ಇದರಲ್ಲಿ ಏನಿದೆ? ನಾನು ನೋಡಬಹುದೇ? ತಪ್ಪಿದ್ದರೆ ಯಾರು ತಿದ್ದುತ್ತಾರೆ? ಸಾಲಗಾರನಿಗೆ ತನ್ನ ಲೆಕ್ಕವನ್ನು ತಾನೇ ನೋಡುವ, ತಾನೇ ತಿದ್ದಿಸುವ ಹಕ್ಕು ಬರಲು ಸುಪೆಯಿಂದ ಈಚೆಗೆ ಸುಮಾರು ನೂರೈವತ್ತು ವರ್ಷ ಹಿಡಿದಿದೆ. ಆ ಹಕ್ಕು ಕೈಯಲ್ಲಿರುವಾಗಲೂ ಅನೇಕರು ಅದನ್ನು ಐದು, ಹತ್ತು ಸಾವಿರ ರೂಪಾಯಿ ಕೊಟ್ಟು ದಲ್ಲಾಳಿಯಿಂದ ಕೊಳ್ಳುತ್ತಿದ್ದಾರೆ. ಆದ್ದರಿಂದ ಈ ಚರಿತ್ರೆಯನ್ನು ಒಮ್ಮೆ ಮೊದಲಿನಿಂದ ನೋಡುವುದು ಒಳ್ಳೆಯದು.

ಮೂರು ವರ್ಷಕ್ಕೊಂದು ಪತ್ರ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಬೆಲೆ ಏರಿತು. ಮುಂಬಯಿಯ ವರ್ತಕರು ಸಾಹುಕಾರರಿಗೆ, ಸಾಹುಕಾರರು ದಖ್ಖನ್ನಿನ ರೈತರಿಗೆ ಕೇಳಿದಷ್ಟು ಮುಂಗಡ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಬಂತು, ಬೆಲೆ ಕುಸಿಯಿತು. ಅದೇ ಕಾಲಕ್ಕೆ ಸರ್ಕಾರ ಭೂಕಂದಾಯವನ್ನು ಏರಿಸಿತು. ಕಂದಾಯ ಕಟ್ಟಲು ಸಾಲ ಬೇಕು, ಸಾಹುಕಾರ ಈಗ ಸಾಲ ಕೊಡಲೊಲ್ಲ. ಇಷ್ಟು ವರ್ಷ ಕೊಟ್ಟದ್ದನ್ನು ವಾಪಸು ಕೇಳುತ್ತಿದ್ದಾನೆ.

ಇಲ್ಲಿ ಒಂದು ಕಾನೂನು ತಿರುಗುಬಾಣವಾಯಿತು. ಸಾಲಪತ್ರಕ್ಕೆ ಮೂರು ವರ್ಷ ಮಾತ್ರ ಬೆಲೆ, ಆಮೇಲೆ ಅದರ ಮೇಲೆ ದಾವೆ ಹೂಡುವಂತಿಲ್ಲ ಎಂದು 1859ರ ವಾಯಿದೆ ಕಾನೂನು ಹೇಳಿತ್ತು. ಬಡ್ಡಿ ವರ್ಷಗಟ್ಟಲೆ ಬೆಳೆಯಬಾರದು ಎಂಬುದು ಅದರ ಉದ್ದೇಶ. ನಡೆದದ್ದು ಬೇರೆ. ಮೂರು ವರ್ಷ ತುಂಬುವ ಮುನ್ನ ಸಾಹುಕಾರ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದ. ಹಳೆಯ ಅಸಲು, ಅದರ ಬಡ್ಡಿ ಎರಡೂ ಸೇರಿ ಹೊಸ ಪತ್ರದಲ್ಲಿ ಅಸಲಾಗುತ್ತಿತ್ತು. ನೂರು ರೂಪಾಯಿ ಪಡೆದವನು ಹತ್ತು ವರ್ಷದಲ್ಲಿ ಎಷ್ಟು ಕೊಡಬೇಕಾಗಿದೆ ಎಂಬುದನ್ನು ಕೊನೆಯ ಪತ್ರ ಮಾತ್ರ ಹೇಳುತ್ತಿತ್ತು. ನಡುವೆ ಅವನು ಕಟ್ಟಿದ್ದು, ಕೊಟ್ಟ ಕಾಳು, ಹಾಕಿದ ಹೆಬ್ಬೆಟ್ಟು ಯಾವುದೂ ಅದರಲ್ಲಿ ಕಾಣುತ್ತಿರಲಿಲ್ಲ. ಗಲಭೆಯ ನಂತರ ನೇಮಕವಾದ ಆಯೋಗದ ಮುಂದೆ ರೈತರು ಮತ್ತೆ ಮತ್ತೆ ಹೇಳಿದ ದೂರುಗಳು ಇವೇ: ಕಟ್ಟಿದ ಹಣಕ್ಕೆ ರಸೀದಿ ಕೊಡುವುದಿಲ್ಲ, ಪತ್ರದಲ್ಲಿ ಇಲ್ಲದ ಮೊತ್ತ ಬರೆಯುತ್ತಾರೆ, ತೀರಿದ ಪತ್ರವನ್ನು ಹಿಂದಿರುಗಿಸುವುದಿಲ್ಲ.

ಹಾಗೆ ನೋಡಿದರೆ ಹಳೆಯ ಹಿಂದೂ ಕಾನೂನಿನಲ್ಲಿ ಇದಕ್ಕೆ ಒಂದು ಕಡಿವಾಣವಿತ್ತು. ದಾಮದುಪ್ಪಟ ಎಂಬ ಆ ನಿಯಮದಂತೆ ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಇದನ್ನು ಒಪ್ಪಿದ್ದವು. ಆದರೆ ಮೂರು ವರ್ಷಕ್ಕೊಮ್ಮೆ ಅಸಲೇ ಬದಲಾಗುವಾಗ ಆ ನಿಯಮಕ್ಕೆ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ.

ಪತ್ರದ ಹಿಂದೆ ನೋಡು ಎಂದ ಕಾನೂನು

1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹ್ಮದನಗರ ಜಿಲ್ಲೆಗಳಿಗೆ ಅನ್ವಯವಾದ ಇದು ಮುಂದೆ ಮುಂಬಯಿ ಪ್ರಾಂತದ ಇತರ ಕಡೆಗಳಿಗೂ, ನಮ್ಮ ಬೆಳಗಾವಿ, ಧಾರವಾಡ, ವಿಜಾಪುರದ ಕಡೆಗೂ ಹಬ್ಬಿತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವುದನ್ನು ನಿಲ್ಲಿಸಿದ್ದು ಈ ಕಾಯ್ದೆಯ ಹೆಸರಾದ ಅಂಶ. ಅಷ್ಟಾಗಿ ಯಾರೂ ನೆನೆಯದ ಎರಡು ಅಂಶಗಳು ಅದರಲ್ಲಿವೆ.

ಮೊದಲನೆಯದು, ನ್ಯಾಯಾಲಯ ಕೊನೆಯ ಪತ್ರವನ್ನಷ್ಟೇ ನೋಡಿ ತೀರ್ಪು ಕೊಡಬಾರದು. ವ್ಯವಹಾರ ಶುರುವಾದ ದಿನದಿಂದ ಅದರ ಚರಿತ್ರೆಯನ್ನು ವಿಚಾರಿಸಬೇಕು. ಸಾಲಗಾರ ತಕರಾರು ಎತ್ತಲಿ ಬಿಡಲಿ, ಇಬ್ಬರನ್ನೂ ಕರೆದು ಕೇಳಬೇಕು. ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ ಇರುವುದು 'ಹಿಸ್ಟರಿ' ಎಂಬ ಮಾತೇ. ಇಂದು ನಾವು ಕ್ರೆಡಿಟ್ ಹಿಸ್ಟರಿ ಎಂದಾಗ ಅದು ಸಾಲಗಾರನ ಮೇಲೆ ಬ್ಯಾಂಕು ಇಟ್ಟ ಕಣ್ಣು. ಅಂದು ಆ ಮಾತು ಸಾಲಗಾರನ ರಕ್ಷಣೆಗೆ ಬಂದಿತ್ತು: ಒಂದು ಅಂಕಿಯನ್ನು ನಂಬಬೇಡಿ, ಅದು ಹೇಗೆ ಬಂತು ಎಂದು ಕೇಳಿ.

ಎರಡನೆಯದು, ಸಾಲ ಕೊಟ್ಟವನ ಮೇಲೆ ಲೆಕ್ಕ ತೋರಿಸುವ ಹೊಣೆ. ಹಣ ಕಟ್ಟಿದ ರೈತನಿಗೆ ಲಿಖಿತ ರಸೀದಿ ಪಡೆಯುವ ಹಕ್ಕು ಬಂತು. ವರ್ಷಕ್ಕೊಮ್ಮೆ ಲೆಕ್ಕದ ತಖ್ತೆ ಕೇಳುವ ಹಕ್ಕು ಬಂತು. ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆಸಿಕೊಳ್ಳುವ ಹಕ್ಕೂ ಬಂತು. ಕೊಡದವನಿಗೆ ದಂಡ. ಬ್ಯಾಂಕಿನ ಮುಖ ನೋಡದ ರೈತನ ಕೈಗೆ ಕಾನೂನು ಪಾಸ್‌ಬುಕ್ ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಈ ಕಾಯ್ದೆಯನ್ನು ನಡೆಸಿದ ನ್ಯಾಯಾಧೀಶರಲ್ಲಿ ಮಹಾದೇವ ಗೋವಿಂದ ರಾನಡೆಯೂ ಒಬ್ಬರು. ಆದರೆ ಕಾಯ್ದೆಯಿಂದ ಎಲ್ಲವೂ ಸರಿಹೋಗಲಿಲ್ಲ. ಅಡವಿನ ಪತ್ರವನ್ನು ನ್ಯಾಯಾಲಯ ಕೆದಕುತ್ತದೆ ಎಂದು ತಿಳಿದ ಸಾಹುಕಾರರು ಅಡವಿನ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಓದು ಬಾರದವನಿಗೆ ಪಾಸ್‌ಬುಕ್ ಕೇಳುವ ಧೈರ್ಯವೂ ಬರಲಿಲ್ಲ. ಮುಂದಿನ ಬಿತ್ತನೆಗೆ ಅದೇ ಸಾಹುಕಾರನ ಬಾಗಿಲಿಗೆ ಹೋಗಬೇಕಲ್ಲ. ಹಕ್ಕು ಕಾಗದದಲ್ಲಿ ಇರುವುದಕ್ಕೂ ಅದನ್ನು ಕೇಳಿ ಪಡೆಯುವುದಕ್ಕೂ ನಡುವಿನ ಈ ದೂರ ಮುಂದೆಯೂ ನಮ್ಮನ್ನು ಕಾಡುತ್ತದೆ.

ಕಣಗಿನಹಾಳದ ಪತ್ತು

ಲೆಕ್ಕವನ್ನು ಸಾಹುಕಾರನ ಕೈಯಿಂದ ತಪ್ಪಿಸಲು ಇನ್ನೊಂದು ದಾರಿಯೆಂದರೆ ಅದನ್ನು ಊರವರೇ ಬರೆಯುವುದು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂದು ಅದು ಹೆಸರಾಗಿದೆ.

ಪತ್ತು ಎಂಬ ಮಾತನ್ನು ಒಂದು ಗಳಿಗೆ ನಿಂತು ನೋಡಬೇಕು. ಮುಂಬಯಿ, ಪುಣೆಯ ಬೀದಿಗಳಲ್ಲಿ 'ಪತಪೇಢಿ', 'ಸಹಕಾರಿ ಪತಸಂಸ್ಥಾ' ಎಂಬ ಫಲಕಗಳನ್ನು ದಿನವೂ ನೋಡುವವರಿಗೆ ಮರಾಠಿಯ ಪತ್ ಮತ್ತು ನಮ್ಮ ಪತ್ತಿನ ನೆಂಟಸ್ತನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪತ್ತು ಎಂದರೆ ಸಾಲ ಮಾತ್ರ ಅಲ್ಲ. ಒಬ್ಬನ ಮಾತಿಗೆ ನಾಲ್ಕು ಜನರ ನಡುವೆ ಇರುವ ಬೆಲೆ. ಹಳ್ಳಿಯ ಸಹಕಾರ ಸಂಘ ನಿಂತದ್ದು ಈ ಬೆಲೆಯ ಮೇಲೆ. ಆಗಿನ ನಿಯಮದಂತೆ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಉಳಿದವರು ತೆರಬೇಕು. ಆದ್ದರಿಂದ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದನ್ನು ಅಕ್ಕಪಕ್ಕದ ಹೊಲದವರೇ ನಿರ್ಧರಿಸುತ್ತಿದ್ದರು. ಮಳೆ ಕೈಕೊಟ್ಟು ಕಟ್ಟದವನು ಯಾರು, ಇದ್ದೂ ಕಟ್ಟದವನು ಯಾರು ಎಂಬುದು ಅವರಿಗೆ ಗೊತ್ತು. ಕೆಟ್ಟ ಹೆಸರನ್ನು ಸರಿಪಡಿಸಿಕೊಳ್ಳುವ ದಾರಿಯೂ ಊರಿನ ಕಣ್ಣೆದುರೇ ಇತ್ತು: ಮುಂದಿನ ಸುಗ್ಗಿಗೆ ತಂದು ಕಟ್ಟಿದರೆ ನಾಲ್ಕು ಜನ ನೋಡುತ್ತಿದ್ದರು.

ಈ ಪತ್ತಿಗೆ ಕೊರತೆಯೂ ಇತ್ತು. ನೆಲವಿಲ್ಲದವನಿಗೆ, ಊರ ನಡುವಿನ ಮಾತುಕತೆಯಲ್ಲಿ ಕೂರಲಾಗದವನಿಗೆ ಅದು ಸುಲಭವಾಗಿ ಸಿಗುತ್ತಿರಲಿಲ್ಲ. ಕರಾವಳಿಯಲ್ಲಿ ಇದಕ್ಕೊಂದು ಬೇರೆ ಉತ್ತರ ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಕಾರ್ಡಿನಲ್ಲಿ ಬರೆಯುತ್ತಿದ್ದ. ಮೀನು ಮಾರುವವಳಿಗೂ ನೇಯ್ಗೆಯವನಿಗೂ ತಮ್ಮ ಹೆಸರಿನ ಒಂದು ಲೆಕ್ಕ ಹುಟ್ಟಿತು. ಅದು ಅವರ ಕೈಯಲ್ಲೇ ಇತ್ತು, ದಿನದಿನವೂ ಬೆಳೆಯುತ್ತಿತ್ತು.

ಊರು ಬಿಟ್ಟವರ ಪತ್ತು

ಊರ ಪತ್ತು ಊರ ಗಡಿ ದಾಟುವುದಿಲ್ಲ. ಬದುಕು ಅರಸಿ ಮುಂಬಯಿಗೆ ಹೋದ ಹೋಟೆಲ್ ಹುಡುಗನಿಗಾಗಲಿ, ಸೋಲಾಪುರದ ಗಿರಣಿ ಸೇರಿದವನಿಗಾಗಲಿ ಕಣಗಿನಹಾಳದ ಹೆಸರು ಕೆಲಸಕ್ಕೆ ಬರುತ್ತಿರಲಿಲ್ಲ. ಅಲ್ಲಿ ಅವರಿಗೆ ಆಸರೆಯಾದದ್ದು ಊರಿನವರ ಚೀಟಿ, ಧಣಿಯ ಮುಂಗಡ, ಮೊದಲೇ ಬಂದು ನೆಲೆಯೂರಿದ ನೆಂಟರ ಜಾಮೀನು. ಪರಿಚಯವಿಲ್ಲದ ಊರಿನಲ್ಲಿ ಪರಿಚಯವಿಲ್ಲದವನಿಗೆ ಸಾಲ ಕೊಡುವುದು ಹೇಗೆ? ಈ ತೊಡಕನ್ನು ಮೊದಲು ದೊಡ್ಡದಾಗಿ ಎದುರಿಸಿದ ದೇಶ ಅಮೆರಿಕ. ನಮ್ಮ ಇಂದಿನ ವ್ಯವಸ್ಥೆಯ ಬೇರು ಅಲ್ಲಿರುವುದರಿಂದ ಅತ್ತ ಒಂದು ಸುತ್ತು ಹೋಗಿ ಬರಬೇಕು.

1837ರ ಆರ್ಥಿಕ ಕುಸಿತದಲ್ಲಿ ದಿವಾಳಿಯೆದ್ದ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರವೊಂದರಲ್ಲಿ ಲೂಯಿಸ್ ಟಪ್ಪನ್ ಪಾಲುದಾರರಾಗಿದ್ದರು. ಗುಲಾಮಗಿರಿಯ ವಿರುದ್ಧದ ಹೋರಾಟಗಾರರೂ ಹೌದು. 1841ರಲ್ಲಿ ಅವರು ಮರ್ಕಂಟೈಲ್ ಏಜೆನ್ಸಿ ಎಂಬ ಸಂಸ್ಥೆ ತೆರೆದರು. ದೂರದೂರುಗಳ ವಕೀಲರು ಮೊದಲಾದವರು ತಮ್ಮ ಊರಿನ ವರ್ತಕರ ಬಗ್ಗೆ ಗುಟ್ಟಾಗಿ ಬರೆದು ಕಳಿಸುವುದು, ಅದನ್ನು ನ್ಯೂಯಾರ್ಕಿನಲ್ಲಿ ದಪ್ಪ ವಹಿಗಳಿಗೆ ಇಳಿಸುವುದು, ಚಂದಾದಾರ ವ್ಯಾಪಾರಿ ಬಂದು ಕೇಳಿದಾಗ ಗುಮಾಸ್ತ ಓದಿ ಹೇಳುವುದು. ಆಸ್ತಿ ಎಷ್ಟು, ಸಾಲ ಎಷ್ಟು ಎಂಬುದರ ಜೊತೆಗೆ ಕುಡಿಯುತ್ತಾನೋ, ಸಂಸಾರ ಹೇಗಿದೆ ಎಂಬುದನ್ನೂ ಬರೆಯುತ್ತಿದ್ದರು. ಮುಂದೆ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಆದದ್ದು ಇದೇ ಸಂಸ್ಥೆ.

ಆ ವಹಿಯನ್ನು ಯಾರ ಬಗ್ಗೆ ಬರೆದಿದೆಯೋ ಅವರು ನೋಡುವಂತಿರಲಿಲ್ಲ. ಒಹಾಯೋದ ನಾರ್ವಾಕ್ ಎಂಬ ಊರಿನ ಬಿಯರ್ಡ್‌ಸ್ಲಿ ಎಂಬ ವರ್ತಕನ ಹೆಂಡತಿ ವಿಚ್ಛೇದನ ಕೇಳಲಿದ್ದಾಳೆ ಎಂಬ ಮಾತು 1848ರಲ್ಲಿ ವಹಿಯನ್ನು ಸೇರಿತು. ಸಗಟು ವ್ಯಾಪಾರಿಗಳು ಅವನಿಗೆ ಸರಕು ಕೊಡಲು ಹಿಂಜರಿದರು. ಅವನು ಮಾನನಷ್ಟದ ದಾವೆ ಹೂಡಿದ. ತೀರ್ಪುಗಾರರು ಹತ್ತು ಸಾವಿರ ಡಾಲರ್ ಪರಿಹಾರ ಕೊಡಿಸಿದರು. ಆದರೆ 1870ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತನ್ನ ಹೆಸರಿನ ಮುಂದೆ ಬರೆದ ಒಂದು ಸಾಲಿನ ವಿರುದ್ಧ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಹೋರಾಡಿದ. ಸುಪೆಯ ರೈತರಿಗೆ ಆ ದಾರಿಯೂ ಇರಲಿಲ್ಲ.

1899ರಲ್ಲಿ ಅಟ್ಲಾಂಟಾದಲ್ಲಿ ವುಲ್‌ಫರ್ಡ್ ಸಹೋದರರು ಇದನ್ನು ದಿನಸಿ ಅಂಗಡಿಯ ಗಿರಾಕಿಗಳವರೆಗೆ ಇಳಿಸಿದರು. ಯಾರು ಸಕಾಲಕ್ಕೆ ಕಟ್ಟುತ್ತಾರೆ, ಯಾರು ತಡಮಾಡುತ್ತಾರೆ, ಯಾರಿಂದ ನಗದು ಕೇಳಬೇಕು ಎಂದು ಪಟ್ಟಿಮಾಡಿ ಅಂಗಡಿಕಾರರಿಗೆ ಪುಸ್ತಕ ಮಾರಿದರು. ರಿಟೇಲ್ ಕ್ರೆಡಿಟ್ ಕಂಪನಿ ಎಂಬ ಹೆಸರಿನ ಅದು 1975ರಲ್ಲಿ ಈಕ್ವಿಫ್ಯಾಕ್ಸ್ ಆಯಿತು. 1960ರ ದಶಕದ ಹೊತ್ತಿಗೆ ಕೋಟ್ಯಂತರ ಜನರ ಕಡತಗಳು ಇಂಥ ಕಂಪನಿಗಳ ಬಳಿ ಇದ್ದವು, ಕಡತ ಇರುವುದೇ ಬಹಳ ಜನರಿಗೆ ತಿಳಿದಿರಲಿಲ್ಲ. 1970ರಲ್ಲಿ ಬಂದ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಮೊದಲ ಬಾರಿಗೆ ಅಲ್ಲಿನ ಸಾಮಾನ್ಯನಿಗೆ ತನ್ನ ಕಡತದಲ್ಲಿ ಏನಿದೆ ಎಂದು ತಿಳಿಯುವ, ತಪ್ಪಿದೆ ಎಂದು ತಕರಾರು ಹಾಕುವ ಹಕ್ಕನ್ನು ಕೊಟ್ಟಿತು.

ಹಕ್ಕು ಬಂದ ಕೂಡಲೇ ಅದನ್ನು ಮಾರುವವರೂ ಬಂದರು. ಕೆಟ್ಟ ಕಡತವನ್ನು ಅಳಿಸಿಕೊಡುತ್ತೇವೆ ಎಂದು ಮುಂಗಡ ಹಣ ಪಡೆಯುವ ಅಂಗಡಿಗಳು ಹುಟ್ಟಿಕೊಂಡವು. 1996ರಲ್ಲಿ ಅಮೆರಿಕ ಇವರಿಗಾಗಿಯೇ ಇನ್ನೊಂದು ಕಾಯ್ದೆ ಮಾಡಬೇಕಾಯಿತು. ಕೆಲಸ ಮುಗಿಯುವ ಮುನ್ನ ಹಣ ಪಡೆಯುವಂತಿಲ್ಲ. ಒಪ್ಪಂದಕ್ಕೆ ಮೊದಲು ಗಿರಾಕಿಗೆ ಒಂದು ತಿಳುವಳಿಕೆಪತ್ರ ಕೊಡಲೇಬೇಕು. ಅದರಲ್ಲಿ ಇರಬೇಕಾದ ಮಾತಿನ ಸಾರ ಇಷ್ಟು: ತಪ್ಪು ಮಾಹಿತಿಯ ಬಗ್ಗೆ ನೀವೇ ನೇರವಾಗಿ ತಕರಾರು ಹಾಕಬಹುದು, ನಿಜವಾದ ಮಾಹಿತಿಯನ್ನು ಅಳಿಸುವ ಹಕ್ಕು ನಿಮಗೂ ಇಲ್ಲ, ಯಾವ ಕಂಪನಿಗೂ ಇಲ್ಲ. ಇಡೀ ವಿಷಯದ ತಿರುಳು ಇದೇ.

ನಮ್ಮಲ್ಲಿ ಬಂದ ಬಗೆ

ಭಾರತದಲ್ಲಿ ಬ್ಯಾಂಕುಗಳು ಬಹುಕಾಲ ತಮ್ಮ ತಮ್ಮ ಗ್ರಾಹಕರ ಲೆಕ್ಕವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದವು. ಒಂದು ಬ್ಯಾಂಕಿನಲ್ಲಿ ಸಾಲ ಮುಳುಗಿಸಿದವನು ಎದುರು ಬೀದಿಯ ಬ್ಯಾಂಕಿನಲ್ಲಿ ಹೊಸ ಸಾಲ ಪಡೆಯಬಹುದಿತ್ತು. ಪ್ರಾಮಾಣಿಕವಾಗಿ ಕಟ್ಟಿದವನ ಹೆಸರೂ ಅಷ್ಟೇ, ಎದುರು ಬೀದಿಯನ್ನು ಮುಟ್ಟುತ್ತಿರಲಿಲ್ಲ. 1999ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಸಿದ್ದಿಕಿ ಸಮಿತಿಯ ಸಲಹೆಯ ಬೆನ್ನಿಗೆ 2000ದ ಆಗಸ್ಟಿನಲ್ಲಿ ಸಿಬಿಲ್ ಸ್ಥಾಪನೆಯಾಯಿತು. ಅದರಲ್ಲಿ ಸ್ಟೇಟ್ ಬ್ಯಾಂಕ್ ಮತ್ತು ಎಚ್‌ಡಿಎಫ್‌ಸಿಯ ಜೊತೆ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಕೂಡ ಪಾಲುದಾರನಾಗಿತ್ತು. ಟಪ್ಪನ್ನನ ವಹಿ ಹೀಗೆ ಮುಂಬಯಿಗೆ ಬಂತು. 2004ರಲ್ಲಿ ವ್ಯಕ್ತಿಗಳ ಸಾಲದ ವರದಿ, 2007ರಲ್ಲಿ ಅಂಕ. 2010ರಲ್ಲಿ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಹೈಮಾರ್ಕ್ ಕಂಪನಿಗಳಿಗೂ ಅನುಮತಿ ಸಿಕ್ಕಿ ಒಟ್ಟು ನಾಲ್ಕಾದವು. ಆದರೂ ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ.

ಅಂಕ ಬಂದ ವೇಗದಲ್ಲಿ ಹಕ್ಕು ಬರಲಿಲ್ಲ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಸಾಲಗಾರನಿಗೆ ತನ್ನ ವರದಿಯ ಪ್ರತಿ ಪಡೆಯುವ, ತಪ್ಪಿದ್ದರೆ ತಿದ್ದುವಂತೆ ಕೇಳುವ, ಮೂವತ್ತು ದಿನದೊಳಗೆ ಉತ್ತರ ಪಡೆಯುವ ಹಕ್ಕನ್ನು ಬರೆದಿಟ್ಟಿತು. ಆದರೆ ವರದಿಗೆ ದುಡ್ಡು ಕೊಡಬೇಕಿತ್ತು. 2015ರಲ್ಲಿ ರಿಸರ್ವ್ ಬ್ಯಾಂಕ್ ಪ್ರತಿಯೊಂದು ಬ್ಯಾಂಕ್ ಮತ್ತು ಹಣಕಾಸು ಕಂಪನಿ ನಾಲ್ಕೂ ಕಂಪನಿಗಳಿಗೆ ಮಾಹಿತಿ ಕೊಡಬೇಕೆಂದಿತು. 2017ರಿಂದ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪ್ರತಿ ಕಂಪನಿಯೂ ಉಚಿತವಾಗಿ ಕೊಡಬೇಕಾಯಿತು. 2022ರ ಸೆಪ್ಟೆಂಬರಿನಿಂದ ಈ ಕಂಪನಿಗಳ ಮೇಲಿನ ದೂರು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಮುಂದೆ ಹೋಗುವಂತಾಯಿತು. 2023ರ ಅಕ್ಟೋಬರಿನಲ್ಲಿ ಬಂದು 2024ರ ಏಪ್ರಿಲ್‌ನಿಂದ ಜಾರಿಯಾದ ಸುತ್ತೋಲೆಯ ಪ್ರಕಾರ ತಕರಾರು ಮೂವತ್ತು ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬ್ಯಾಂಕಿಗೆ ಅದರಲ್ಲಿ 21 ದಿನ. ಅದು ತಡಮಾಡಿದರೆ ಪರಿಹಾರ ಅದರ ತಲೆಗೆ, ಇಲ್ಲವಾದರೆ ಕ್ರೆಡಿಟ್ ಕಂಪನಿಯ ತಲೆಗೆ. ಕಂತು ತಪ್ಪಿದ್ದನ್ನು ವರದಿಗೆ ಕಳಿಸುವಾಗ ಗ್ರಾಹಕನಿಗೆ ಮೆಸೇಜು ಅಥವಾ ಇಮೇಲ್ ಹೋಗಬೇಕು, ತಿದ್ದುವುದಿಲ್ಲ ಎನ್ನುವುದಾದರೆ ಕಾರಣ ಹೇಳಬೇಕು ಎಂದೂ ಅದೇ ಸುತ್ತೋಲೆ ಹೇಳಿತು.

1879ರ ರಸೀದಿ, ವರ್ಷದ ತಖ್ತೆ, ಪಾಸ್‌ಬುಕ್ ಈಗ ಬೇರೆ ರೂಪದಲ್ಲಿ ಬಂದಿವೆ. ಈ ಸಲ ಓದು ಬಾರದ ತೊಡಕು ನಮಗಿಲ್ಲ.

ತಾವೇ ತಿದ್ದಿಸುವುದು

ಮೊದಲ ಕೆಲಸ ನಾಲ್ಕೂ ಕಂಪನಿಗಳ ಉಚಿತ ವರದಿ ತರಿಸಿಕೊಂಡು ಓದುವುದು. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ. ಇಳಿಯುವ ಸಾಧ್ಯತೆ ಇರುವುದು ನೀವು ಸಾಲ ಕೇಳಿದ ಕಡೆಯವರೆಲ್ಲ ಅದನ್ನು ತರಿಸಿದಾಗ. ಆದ್ದರಿಂದ ಒಂದು ಕಡೆ ಅರ್ಜಿ ತಿರಸ್ಕಾರವಾದ ಸಿಟ್ಟಿನಲ್ಲಿ ಇನ್ನು ನಾಲ್ಕು ಕಡೆ ಅರ್ಜಿ ಹಾಕಬಾರದು.

ಓದುವಾಗ ಅಂಕಕ್ಕಿಂತ ಅದರ ಹಿಂದಿನ ಸಾಲುಗಳನ್ನು ನೋಡಬೇಕು. 300ರಿಂದ 900ರ ನಡುವಿನ ಆ ಅಂಕ ಸುಪೆಯ ಕೊನೆಯ ಪತ್ರದ ಹಾಗೆ. ಅದು ಹೇಗೆ ಬಂತು ಎಂಬುದು ಒಳಗಿದೆ. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದು ಮನೆ ಇರುತ್ತದೆ, ಮೂರು ವರ್ಷದಷ್ಟು. ಸೊನ್ನೆ ಇದ್ದರೆ ಆ ತಿಂಗಳು ಬಾಕಿ ಇಲ್ಲ. 30, 60, 90ರ ಸುತ್ತಿನ ಅಂಕಿ ಇದ್ದರೆ ಅಷ್ಟು ದಿನ ತಡ. ಸಾಲದ ಸ್ಥಿತಿ ಎಂಬಲ್ಲಿ ಕ್ಲೋಸ್ಡ್, ಸೆಟಲ್ಡ್, ರಿಟನ್ ಆಫ್ ಎಂಬ ಮಾತುಗಳಿರುತ್ತವೆ. ಕ್ಲೋಸ್ಡ್ ಎಂದರೆ ಪೂರ್ತಿ ಚುಕ್ತಾ. ಸೆಟಲ್ಡ್ ಎಂದರೆ ಬ್ಯಾಂಕು ಒಂದಿಷ್ಟು ಬಿಟ್ಟುಕೊಟ್ಟು ಲೆಕ್ಕ ಮುಗಿಸಿದೆ ಎಂದರ್ಥ. ವಸೂಲಿಯವರು ಫೋನಿನಲ್ಲಿ ಇದೊಂದು ರಿಯಾಯಿತಿ ಎನ್ನುವಂತೆ ಹೇಳಿದರೂ ಮುಂದಿನ ಬ್ಯಾಂಕಿನ ಕಣ್ಣಿಗೆ ಅದು ಕಲೆ. ರಿಟನ್ ಆಫ್ ಎಂದರೆ ಸಾಲ ಮನ್ನಾ ಅಲ್ಲ, ಬ್ಯಾಂಕು ತನ್ನ ಪುಸ್ತಕದಲ್ಲಿ ನಷ್ಟವೆಂದು ಬರೆದುಕೊಂಡದ್ದು.

ತಪ್ಪುಗಳು ಎಲ್ಲೆಲ್ಲಿಂದ ಬರುತ್ತವೆ? ನಮ್ಮವರಿಗೆ ಒಂದು ವಿಶೇಷ ತೊಡಕು ಹೆಸರಿನದು. ಊರಲ್ಲಿ ಎಸ್. ಮಂಜುನಾಥ ಆಗಿದ್ದವನಿಗೆ ಪ್ಯಾನ್ ಕಾರ್ಡ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಅಲ್ಲಿ ಅಪ್ಪನ ಹೆಸರೇ ಅಡ್ಡಹೆಸರಾಗುತ್ತದೆ. ಆಧಾರ್‌ನಲ್ಲಿ ಊರಿನ ಹೆಸರು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್, ಇಂಗ್ಲಿಷಿನಲ್ಲಿ ಹೆಸರಿನ ಅಕ್ಷರಗಳು ಒಂದೊಂದು ಕಡೆ ಒಂದೊಂದು ರೀತಿ. ಪಾಟೀಲ, ಕುಲಕರ್ಣಿ, ಶೆಟ್ಟಿ, ಗೌಡ ಎಂಬ ಹೆಸರಿನವರು ಒಂದೇ ನಗರದಲ್ಲಿ ಸಾವಿರಾರು. ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಹತ್ತಿಕೊಳ್ಳಲು, ಒಬ್ಬರದೇ ಸಾಲಗಳು ಎರಡು ಕಡತಗಳಲ್ಲಿ ಹಂಚಿಹೋಗಲು ಇಷ್ಟು ಸಾಕು. ಬಾಡಿಗೆ ಮನೆ ಬದಲಿಸುತ್ತ ಹಳೆಯ ವಿಳಾಸ, ಹಳೆಯ ನಂಬರು ಬಿಟ್ಟುಬಂದವರಿಗೆ ಇನ್ನೊಂದು ಬಗೆಯದು: ಮುಚ್ಚಿದೆ ಎಂದುಕೊಂಡ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಬೆಳೆದು ಬಾಕಿಯಾಗಿರುತ್ತದೆ, ಕಾಗದ ಹಳೆಯ ಮನೆಗೆ ಹೋಗಿರುತ್ತದೆ. ಮೂರನೆಯದು ಜಾಮೀನು. ಊರಿನವನೆಂದು ಸಹಿ ಹಾಕಿದ ಸಾಲ ನಿಮ್ಮ ವರದಿಯಲ್ಲೂ ಇರುತ್ತದೆ, ಅವನು ಕಟ್ಟದಿದ್ದರೆ ಅದರ ಪೆಟ್ಟು ನಿಮಗೂ.

ನಿಮ್ಮದಲ್ಲದ ಸಾಲ, ಚುಕ್ತಾ ಆಗಿಯೂ ತೆರೆದಿರುವ ಖಾತೆ, ಕಟ್ಟಿದ ತಿಂಗಳಲ್ಲಿ ತಡವೆಂಬ ಗುರುತು ಕಂಡರೆ ಆ ಕ್ರೆಡಿಟ್ ಕಂಪನಿಯ ಜಾಲತಾಣದಲ್ಲೇ ತಕರಾರು ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಕಂಪನಿ ತಾನಾಗಿ ತಿದ್ದುವುದಿಲ್ಲ. ಸಾಲ ಕೊಟ್ಟ ಬ್ಯಾಂಕನ್ನು ಕೇಳಿ, ಅದು ಒಪ್ಪಿದರೆ ತಿದ್ದುತ್ತದೆ. ಆದ್ದರಿಂದ ಅದೇ ದಿನ ಬ್ಯಾಂಕಿನ ದೂರು ವಿಭಾಗಕ್ಕೂ ಬರೆಯುವುದು ಜಾಣತನ. ಜೊತೆಗೆ ರಸೀದಿ, ಖಾತೆಯ ಸ್ಟೇಟ್‌ಮೆಂಟು, ಬಾಕಿ ಇಲ್ಲವೆಂಬ ಪತ್ರದ ಪ್ರತಿ ಇರಲಿ. ದೂರಿನ ನಂಬರು, ತಾರೀಖು ಬರೆದಿಟ್ಟುಕೊಳ್ಳಿ. ಮೂವತ್ತು ದಿನದ ಲೆಕ್ಕ ಅಲ್ಲಿಂದ ಶುರು. ಉತ್ತರ ಬರದಿದ್ದರೆ, ಬಂದದ್ದು ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಅಲ್ಲಿಯೂ ವಕೀಲ ಬೇಕಿಲ್ಲ, ಹಣ ಬೇಕಿಲ್ಲ. ಒಂದು ಕಡೆ ತಿದ್ದಿದ್ದು ಉಳಿದ ಮೂರು ಕಡೆಯೂ ತಿದ್ದಿದೆಯೇ ಎಂದು ನೋಡುವುದನ್ನು ಮರೆಯಬಾರದು.

ಅಳಿಸಲಾಗದ್ದು

ನಿಜವಾಗಿ ಕಟ್ಟದ ಕಂತು ತಕರಾರಿನಿಂದ ಹೋಗುವುದಿಲ್ಲ. ಕೆಲಸ ಹೋಗಿತ್ತು, ಮನೆಯಲ್ಲಿ ಕಾಯಿಲೆ ಇತ್ತು ಎಂಬ ಕಾರಣ ಎಷ್ಟೇ ನ್ಯಾಯವಾದರೂ ವರದಿಯಲ್ಲಿ ಅದಕ್ಕೆ ಜಾಗವಿಲ್ಲ. ಕಣಗಿನಹಾಳದ ನೆರೆಯವನಿಗೆ ಮಳೆ ಕೈಕೊಟ್ಟದ್ದು ಗೊತ್ತಿತ್ತು. ಈ ಕಡತಕ್ಕೆ ಗೊತ್ತಿರುವುದು ತಾರೀಖು ಮಾತ್ರ. ದಿನವೂ ಪಿಗ್ಮಿ ಕಟ್ಟಿದ್ದೂ, ಹತ್ತು ವರ್ಷ ತಪ್ಪದೆ ಬಾಡಿಗೆ ಕೊಟ್ಟದ್ದೂ ಸಾಮಾನ್ಯವಾಗಿ ಅದಕ್ಕೆ ಗೊತ್ತಿರುವುದಿಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದು.

ಹಾಗೆಂದು ದಾರಿ ಮುಚ್ಚಿಲ್ಲ. ಬಾಕಿ ಇರುವುದನ್ನು ಮೊದಲು ತೀರಿಸಬೇಕು. ಸೆಟಲ್ಡ್ ಎಂದು ಬರೆದ ಸಾಲಕ್ಕೆ, ಕೈಗೂಡಿದಾಗ, ಬಿಟ್ಟುಕೊಟ್ಟ ಮೊತ್ತವನ್ನೂ ಕಟ್ಟಿ ಕ್ಲೋಸ್ಡ್ ಎಂದು ಬರೆಯುವಂತೆ ಬ್ಯಾಂಕನ್ನು ಕೇಳಬಹುದು. ಹಣ ಕಟ್ಟುವ ಮೊದಲೇ ಆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಯಾರೂ ಕಾರ್ಡು ಕೊಡದಿದ್ದರೆ ಬ್ಯಾಂಕಿನಲ್ಲಿ ಸಣ್ಣ ನಿಗದಿ ಠೇವಣಿ ಇಟ್ಟು ಅದರ ಮೇಲೆ ಕಾರ್ಡು ಪಡೆದು, ಮಿತಿಯ ಮೂರನೇ ಒಂದು ಭಾಗವನ್ನು ಮೀರದಂತೆ ಬಳಸಿ, ತಿಂಗಳು ತಿಂಗಳು ಪೂರ್ತಿ ಕಟ್ಟುತ್ತ ಬರಬಹುದು. ಸಣ್ಣ ಮೊತ್ತ, ತಪ್ಪದ ದಿನ: ಪಿಗ್ಮಿಯ ಪಾಠವೇ ಇದು. ಈ ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ ನಿಜ, ಆದರೆ ತಿಂಗಳುಗಳು ಕಳೆದಂತೆ ಹಳೆಯ ಕಲೆಯ ಭಾರ ಕಡಿಮೆಯಾಗುತ್ತದೆ. ಇದರ ನಡುವೆ ಒಂದು ವಾರದಲ್ಲಿ ಅಂಕ ಏರಿಸಿಕೊಡುತ್ತೇನೆ ಎನ್ನುವವನು ಮಾಡಬಲ್ಲದ್ದು ಎರಡೇ. ನೀವೇ ಉಚಿತವಾಗಿ ಹಾಕಬಹುದಾದ ತಕರಾರನ್ನು ನಿಮ್ಮ ಹೆಸರಿನಲ್ಲಿ ಹಾಕುವುದು, ಇಲ್ಲವೇ ನಿಮ್ಮ ಪ್ಯಾನ್, ಆಧಾರ್, ಒಟಿಪಿ ಪಡೆದು ನಿಮ್ಮ ಲೆಕ್ಕವನ್ನು ಮತ್ತೆ ಬೇರೊಬ್ಬನ ಕೈಗೆ ಕೊಡಿಸುವುದು.

ಲೆಕ್ಕ ಬರೆಯುವ ಕೈ ಈಗಲೂ ಸಾಲ ಕೊಟ್ಟವನದೇ. ಅದು ಬದಲಾಗಿಲ್ಲ. ಬದಲಾದದ್ದು, ಬರೆದದ್ದನ್ನು ನಮಗೆ ತೋರಿಸಲೇಬೇಕು, ನಾವು ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಹೇಳಲೇಬೇಕು ಎಂಬುದು. ಪಾಸ್‌ಬುಕ್ ಕೇಳಿದರೆ ಮುಂದಿನ ಬಿತ್ತನೆಗೆ ಸಾಲ ಸಿಗಲಿಕ್ಕಿಲ್ಲ ಎಂದು ದಖ್ಖನ್ನಿನ ರೈತ ಅಂಜಬೇಕಿತ್ತು. ನಮಗೆ ಆ ಅಂಜಿಕೆ ಬೇಕಿಲ್ಲ. ವರ್ಷಕ್ಕೊಂದು ಭಾನುವಾರದ ಮಧ್ಯಾಹ್ನ ಎತ್ತಿಟ್ಟು ನಾಲ್ಕು ವರದಿಗಳನ್ನು ತರಿಸಿಕೊಂಡು ಸಾಲು ಸಾಲಾಗಿ ಓದಿದರೆ ಸಾಕು.